ಗೆಣಸಿನ ಫ್ರೈಸ್‌ಗೆ ಬರೀ ನಿಮಿಷದ ಲೆಕ್ಕ ಸಾಲದು

ಸಂಪಾದಕರಿಗೆ ನಮಸ್ಕಾರ.

ಬಿಸಿ ಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರ್ ಯಂತ್ರದ ಅಡುಗೆಗಳು ಪತ್ರಿಕೆಗಳ ಅಡುಗೆ ಪುಟದಲ್ಲಿ ಜಾಗ ಪಡೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಸಿಹಿ ಗೆಣಸಿನ ಖಾರದ ಫ್ರೈಸ್ ವಿಷಯ ಬಂದಾಗ ವಿಧಾನ ಸಾಮಾನ್ಯವಾಗಿ ಮೂರೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಗೆಣಸನ್ನು ಉದ್ದಕ್ಕೆ ಹೆಚ್ಚಿ, ಎಣ್ಣೆ, ಉಪ್ಪು, ಖಾರದ ಪುಡಿ ಬೆರೆಸಿ, 200 ಡಿಗ್ರಿಯಲ್ಲಿ 20 ನಿಮಿಷ ಇಡಿ. ಹಾಗೇ ಮಾಡಿದವರಿಗೆ ಸಿಗುವುದು ತುದಿ ಕರಕಲಾದ, ನಡು ಮೆತ್ತಗಾದ, ಖಾರವೆಲ್ಲ ಕಹಿಗೆ ತಿರುಗಿದ ತುಂಡುಗಳು. ಯಂತ್ರ ಸರಿಯಿಲ್ಲ ಎಂದುಕೊಂಡು ಅವರು ಅದನ್ನು ಮೂಲೆಗಿಡುತ್ತಾರೆ. ತುಂಡು ಎಷ್ಟು ದಪ್ಪ, ಗೆಣಸು ಎಷ್ಟು ತೂಕ, ಬುಟ್ಟಿ ಎಷ್ಟು ದೊಡ್ಡದು ಎಂದು ಹೇಳದೆ ನಿಮಿಷ ಮಾತ್ರ ಹೇಳಿದರೆ ಯಾವ ಯಂತ್ರದಲ್ಲೂ ಇದು ಸರಿಬರುವುದಿಲ್ಲ.

ಗೆಣಸನ್ನು ಆಲೂಗಡ್ಡೆಯಂತೆ ನಡೆಸಿಕೊಳ್ಳುವುದೇ ಮೊದಲ ತಪ್ಪು. ಹಸಿ ಗೆಣಸಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರಿದೆ. ಪಿಷ್ಟವೂ ಇದೆ, ಆದರೆ ಗೆಣಸು ಬಿಸಿಯಾಗುತ್ತಾ ಹೋದಂತೆ ಅದರೊಳಗಿನ ಅಮೈಲೇಸ್ ಎಂಬ ಕಿಣ್ವ ಆ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆಯನ್ನಾಗಿ ಮಾಡುತ್ತದೆ. ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ ಈ ಕೆಲಸ ಜೋರಾಗಿ ನಡೆಯುತ್ತದೆ. ಗೆಣಸನ್ನು ನಿಧಾನವಾಗಿ ಸುಟ್ಟಷ್ಟೂ ಸಿಹಿಯಾಗುವುದು ಇದರಿಂದಲೇ. ಫ್ರೈಸ್‌ಗೆ ಮಾತ್ರ ಇದು ಅಡ್ಡಿ. ಗರಿಗರಿಯಾದ ಹೊರಪದರ ಕಟ್ಟಬೇಕಾದ ಪಿಷ್ಟವೇ ಸಕ್ಕರೆಯಾದ ಮೇಲೆ ಒಳಗೆ ಮೆತ್ತಗಾಗುತ್ತದೆ, ಹೊರಗೆ ಬೇಗ ಕಪ್ಪೇರುತ್ತದೆ. ಹಾಗಾಗಿ ಗೆಣಸನ್ನು ಮೊದಲು ಬೇಯಿಸಿಕೊಳ್ಳುವುದು ಬೇಡ, ತಣ್ಣನೆಯ ಯಂತ್ರಕ್ಕೆ ಹಾಕುವುದೂ ಬೇಡ. ಖಾಲಿ ಬುಟ್ಟಿಯನ್ನೇ ಮೂರ್ನಾಲ್ಕು ನಿಮಿಷ ಕಾಯಿಸಿಕೊಂಡು ಆಮೇಲೆ ತುಂಡುಗಳನ್ನು ಹಾಕಬೇಕು. ಕಳೆದುಹೋಗುವ ಪಿಷ್ಟದ ಬದಲಿಗೆ ಹೊರಗಿನಿಂದ ಒಂದಿಷ್ಟು ಕಾರ್ನ್‌ಫ್ಲೋರ್ ಸೇರಿಸಬೇಕು.

ಅಳತೆ ಹೇಳುತ್ತೇನೆ. ಸಿಪ್ಪೆ ತೆಗೆದ ಮೇಲೆ 500 ಗ್ರಾಂ ತೂಗುವ ಗೆಣಸಿಗೆ ಒಂದು ಟೇಬಲ್ ಚಮಚ ಕಾರ್ನ್‌ಫ್ಲೋರ್, ಒಂದು ಟೇಬಲ್ ಚಮಚ ಎಣ್ಣೆ, ಕಡೆಯಲ್ಲಿ ಖಾರಕ್ಕೆಂದು ಇನ್ನೊಂದು ಟೀ ಚಮಚ ಎಣ್ಣೆ. ಅಚ್ಚಖಾರದ ಪುಡಿ ಒಂದು ಟೀ ಚಮಚ, ಜೀರಿಗೆ ಪುಡಿ ಅರ್ಧ, ಬೆಳ್ಳುಳ್ಳಿ ಪುಡಿ ಅರ್ಧ, ಕಾಳುಮೆಣಸಿನ ಪುಡಿ ಕಾಲು, ನುಣ್ಣನೆಯ ಉಪ್ಪು ಮುಕ್ಕಾಲು ಟೀ ಚಮಚ. ಕಾರ್ನ್‌ಫ್ಲೋರ್ ಹೆಚ್ಚಾದರೆ ಗರಿಗರಿಯೂ ಹೆಚ್ಚುತ್ತದೆ ಎಂದುಕೊಳ್ಳಬೇಡಿ. ನೀರು ತಾಗದೆ ಒಣಗಿ ಉಳಿದ ಹಿಟ್ಟು ಬೇಯುವುದಿಲ್ಲ, ಸುಣ್ಣದಂತೆ ನಾಲಿಗೆಗೆ ಹತ್ತುತ್ತದೆ.

ಹೆಚ್ಚುವುದಕ್ಕೆ ತಾಳ್ಮೆ ಬೇಕು. ಹಸಿ ಗೆಣಸು ಗಟ್ಟಿ, ಜೊತೆಗೆ ಉರುಳುತ್ತದೆ. ಮೊದಲು ಒಂದು ಪಕ್ಕ ತೆಳ್ಳಗೆ ಕೆತ್ತಿ, ಆ ಚಪ್ಪಟೆ ಭಾಗವನ್ನು ಮಣೆಗೆ ಊರಿಸಿಕೊಂಡರೆ ಚಾಕು ಜಾರುವ ಭಯವಿಲ್ಲ. ದಪ್ಪ 8 ಮಿಲಿಮೀಟರ್ ಇರಲಿ, 10 ದಾಟದಿರಲಿ. ಆರಕ್ಕಿಂತ ಕಡಿಮೆಯಾದರೆ ಒಳಗೆ ಬೇಯುವ ಮೊದಲೇ ಒಣಗಿ ಸುಟ್ಟುಹೋಗುತ್ತದೆ. 12ಕ್ಕಿಂತ ಹೆಚ್ಚಾದರೆ ಒಳಗಿನ ಹಬೆ ಹೊರಪದರವನ್ನು ಮತ್ತೆ ಮತ್ತೆ ಒದ್ದೆ ಮಾಡುತ್ತಲೇ ಇರುತ್ತದೆ. ಗೆಣಸಿನ ಎರಡೂ ತುದಿ ಚೂಪಾಗಿರುವುದರಿಂದ ಅಲ್ಲಿನ ತುಂಡುಗಳು ಸಣ್ಣವಾಗುತ್ತವೆ. ಕಪ್ಪಾಗುವುದು ಮೊದಲು ಅವೇ. ಅವನ್ನು ಬೇರೆ ಇಟ್ಟುಕೊಂಡು ನಾಲ್ಕು ನಿಮಿಷ ತಡವಾಗಿ ಬುಟ್ಟಿಗೆ ಹಾಕಿದರೆ ಎಲ್ಲವೂ ಒಟ್ಟಿಗೆ ಹದಕ್ಕೆ ಬರುತ್ತವೆ.

ಹೆಚ್ಚಿದ ತುಂಡುಗಳನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ. ಕತ್ತರಿಸಿದ ಮೈಯಿಂದ ಒಸರುವ ಬಿಳಿ ಅಂಟು, ಸಡಿಲ ಪಿಷ್ಟ, ಮೇಲಿನ ಒಂದಿಷ್ಟು ಸಕ್ಕರೆ ನೀರಿಗೆ ಹೋಗುತ್ತದೆ. ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗುವುದೂ ತಪ್ಪುತ್ತದೆ. ನೆನೆಸುವುದಕ್ಕಿಂತ ಮುಖ್ಯವಾದದ್ದು ಒರೆಸುವುದು, ಹೆಚ್ಚಿನವರು ಅವಸರ ಮಾಡುವುದೂ ಇಲ್ಲೇ. ನೀರು ಬಸಿದು, ದಪ್ಪ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಹಾಕಿ ಒತ್ತಿ, ಹತ್ತು ನಿಮಿಷ ಹಾಗೇ ಬಿಡಿ. ತುಂಡನ್ನು ಬೆರಳಲ್ಲಿ ಹಿಡಿದಾಗ ತಂಪು ತಾಗಬೇಕು, ಒದ್ದೆ ಅಂಟಬಾರದು. ಈಗ ಅಗಲ ಪಾತ್ರೆಯಲ್ಲಿ ಮೊದಲು ಕಾರ್ನ್‌ಫ್ಲೋರ್ ಉದುರಿಸಿ, ಕೈಯಿಂದ ಮೇಲೆ ಕೆಳಗೆ ಮಾಡಿ ಎರಡು ನಿಮಿಷ ಬಿಡಿ. ತುಂಡಿನಲ್ಲಿ ಉಳಿದ ಪಸೆಯನ್ನು ಹೀರಿಕೊಂಡು ಹಿಟ್ಟಿನ ಬಿಳುಪು ಮಾಯವಾಗುತ್ತದೆ. ಆಮೇಲೆ ಎಣ್ಣೆ, ಜೊತೆಗೆ ಜೀರಿಗೆ ಮತ್ತು ಕಾಳುಮೆಣಸಿನ ಪುಡಿ. ಈ ಕ್ರಮ ತಲೆಕೆಳಗಾದರೆ ಹಿಟ್ಟು ಎಣ್ಣೆಯಲ್ಲಿ ಗಂಟುಕಟ್ಟುತ್ತದೆ. ಎಣ್ಣೆಯನ್ನು ಪೂರ್ತಿ ಬಿಟ್ಟರೆ ಒಣ ಹಿಟ್ಟನ್ನು ಯಂತ್ರದೊಳಗಿನ ಫ್ಯಾನ್ ಎಬ್ಬಿಸಿಕೊಂಡು ಹೋಗಿ ಮೇಲಿನ ಕಾಯಿಲ್‌ಗೆ (ಬಿಸಿ ಕೊಡುವ ಸುರುಳಿಗೆ) ತಾಗಿಸುತ್ತದೆ, ಹೊಗೆ ಬರುತ್ತದೆ. ‘ಒಂದು ಹನಿಯೂ ಎಣ್ಣೆ ಬೇಡ’ ಎಂಬ ಮಾತು ಈ ತಿಂಡಿಗೆ ಹೊಂದುವುದಿಲ್ಲ. ಒಂದು ಟೇಬಲ್ ಚಮಚ ಎಣ್ಣೆಯೆಂದರೆ ಸುಮಾರು 120 ಕಿಲೊಕ್ಯಾಲರಿ, ಅದೂ ಮೂರು ನಾಲ್ಕು ಜನರಿಗೆ ಹಂಚಿಹೋಗುತ್ತದೆ. ಗೆಣಸಿಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಮೈಗೆ ಹತ್ತುವುದಕ್ಕೂ ಸ್ವಲ್ಪ ಜಿಡ್ಡು ಬೇಕು.

ಬುಟ್ಟಿಯ ವಿಷಯದಲ್ಲಿ ಆಸೆ ಒಳ್ಳೆಯದಲ್ಲ. ಏರ್ ಫ್ರೈಯರ್ ಎಂದರೆ ಮೇಲ್ಗಡೆ ಕಾಯಿಲ್, ಫ್ಯಾನ್ ಇರುವ ಸಣ್ಣ ಓವನ್, ಅಷ್ಟೇ. ಬಿಸಿ ಗಾಳಿ ತುಂಡಿನ ಸುತ್ತ ಓಡಾಡಿ ಹಬೆಯನ್ನು ಹೊರಹಾಕಿದರೆ ಮಾತ್ರ ಅಲ್ಲಿ ಗರಿ ಬರುತ್ತದೆ. 250 ಗ್ರಾಂ ಗೆಣಸಿನೊಳಗೆ ಸುಮಾರು 190 ಗ್ರಾಂ ನೀರೇ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಬುಟ್ಟಿ ತುಂಬಿಸಲು ಕೈ ಬರುವುದಿಲ್ಲ. ನಾಲ್ಕೈದು ಲೀಟರ್ ಬುಟ್ಟಿಗೆ ಒಂದು ಸಲಕ್ಕೆ 250 ಗ್ರಾಂ, ಒಂದೇ ಪದರದಲ್ಲಿ. ಪೂರ್ತಿ 500 ಗ್ರಾಂ ಸುರಿದರೆ ಅಡಿಯಲ್ಲಿರುವವು ಹಬೆಯಲ್ಲಿ ಬೇಯುತ್ತವೆ. ಎಷ್ಟು ನಿಮಿಷ ಹೆಚ್ಚಿಸಿದರೂ ಮೇಲಿನವು ಸುಡುತ್ತವೆಯೇ ಹೊರತು ಕೆಳಗಿನವು ಗರಿಯಾಗುವುದಿಲ್ಲ. ಬುಟ್ಟಿಯ ತಳದ ತೂತುಗಳನ್ನು ಕಾಗದದಿಂದ ಮುಚ್ಚುವುದೂ ಬೇಡ. ಕಾಯಿಸುವಾಗ ಖಾಲಿ ಬುಟ್ಟಿಯಲ್ಲಿ ಕಾಗದ ಇಟ್ಟರಂತೂ ಅದು ಹಾರಿ ಕಾಯಿಲ್‌ಗೆ ತಾಗಿ ಬೆಂಕಿ ಹತ್ತುವ ಅಪಾಯವಿದೆ.

ಉಷ್ಣತೆ 190 ಡಿಗ್ರಿ. ಏಳು ನಿಮಿಷಕ್ಕೆ ಬುಟ್ಟಿ ಎಳೆದು ಕುಲುಕಿ, ಮತ್ತೆ ಐದು ನಿಮಿಷ ಇಟ್ಟು ನೋಡಿ. ಇಲ್ಲಿಂದ ಮುಂದೆ ಗಡಿಯಾರಕ್ಕಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಹಸಿ ಇರುವಾಗ ಕುಲುಕಿದರೆ ದಪದಪ ಎನ್ನುವ ಭಾರದ ಸದ್ದು. ನೀರು ಹೋದಂತೆ ಸದ್ದು ಹಗುರವಾಗಿ ಗಲಗಲ ಎನ್ನತೊಡಗುತ್ತದೆ. ಅಂಚುಗಳು ಮಾತ್ರ ಹೊಂಬಣ್ಣಕ್ಕೆ ತಿರುಗಿ, ಚಪ್ಪಟೆ ಮೈ ಇನ್ನೂ ತಿಳಿಯಾಗಿರುವಾಗ ತೆಗೆಯಬೇಕು. ಮೊದಲ ಕಂತನ್ನು ತಂತಿಜಾಲರಿಯ ಮೇಲೆ ಹರಡಿಟ್ಟು ಎರಡನೆಯದನ್ನು ಮಾಡಿ.

ಇನ್ನು ಖಾರ. ಅಚ್ಚಖಾರದ ಪುಡಿ, ಬೆಳ್ಳುಳ್ಳಿ ಪುಡಿ ಎರಡೂ ಬೇಗ ಸುಡುವಂಥವು. ಹದಿನಾಲ್ಕು ನಿಮಿಷ ಬಿಸಿಗಾಳಿಗೆ ಒಡ್ಡಿದರೆ ಪರಿಮಳ ಹೋಗಿ ಕಹಿ ಉಳಿಯುತ್ತದೆ, ಮನೆ ತುಂಬ ಘಾಟು ಬೇರೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ತೆಗೆದಿಟ್ಟ ಒಂದು ಟೀ ಚಮಚ ಎಣ್ಣೆಯಲ್ಲಿ ಈ ಎರಡು ಪುಡಿಗಳನ್ನು ಮೊದಲೇ ಕಲಸಿಡಿ. ಎರಡೂ ಕಂತು ಮುಗಿದ ಮೇಲೆ ಎಲ್ಲವನ್ನೂ ಪಾತ್ರೆಗೆ ಹಾಕಿ, ಈ ಎಣ್ಣೆ ಸುರಿದು, ಮೆಲ್ಲನೆ ಹೊರಳಿಸಿ, ಒಟ್ಟಿಗೆ ಬುಟ್ಟಿಗೆ ತುಂಬಿ 180 ಡಿಗ್ರಿಯಲ್ಲಿ ಎರಡೇ ನಿಮಿಷ ಇಡಿ. ಹೊರಮೈಯ ನೀರು ಆಗಲೇ ಹೋಗಿರುವುದರಿಂದ ಈ ಸಲ ಒಂದರ ಮೇಲೊಂದು ಕೂತರೂ ತೊಂದರೆಯಿಲ್ಲ. ಮೊದಲ ಕಂತೂ ಮತ್ತೆ ಬಿಸಿಯಾಗುತ್ತದೆ, ಖಾರ ಪ್ರತಿ ತುಂಡಿಗೂ ಸಮನಾಗಿ ಹಿಡಿಯುತ್ತದೆ. ಉಪ್ಪು ಹೊರತೆಗೆದ ಕೂಡಲೇ, ಬಿಸಿಯಿರುವಾಗ. ಹಸಿ ತುಂಡಿಗೆ ಮೊದಲೇ ಉಪ್ಪು ಹಾಕಿದರೆ ಅದು ಒಳಗಿನ ನೀರನ್ನು ಮೇಲಕ್ಕೆಳೆದು, ನೀವು ಅಷ್ಟು ಹೊತ್ತು ಒರೆಸಿದ್ದೆಲ್ಲ ವ್ಯರ್ಥವಾಗುತ್ತದೆ. ನಿಂಬೆರಸ ಬೇಕಿದ್ದವರು ತಿನ್ನುವಾಗ ಹಿಂಡಿಕೊಳ್ಳಲಿ.

ಇಷ್ಟೆಲ್ಲ ಮಾಡಿದರೂ ಇದು ಆಲೂಗಡ್ಡೆ ಫ್ರೈಸ್‌ನಷ್ಟು ಗಟ್ಟಿ ಗರಿಯಾಗುವುದಿಲ್ಲ, ಆಗುತ್ತದೆಂದು ಓದುಗರಿಗೆ ಹೇಳುವುದು ಸರಿಯಲ್ಲ. ಅಂಚು ಗರಿ, ಒಳಗೆ ಬೆಣ್ಣೆಯ ಹದ, ಸಿಹಿಯ ಮೇಲೆ ಖಾರ: ಇದೇ ಇದರ ಸೊಗಸು. ಇನ್ನಷ್ಟು ಗರಿ ಬೇಕೆಂದರೆ ಬಿಳಿ ತಿರುಳಿನ ಗೆಣಸು ಆರಿಸಿಕೊಳ್ಳಿ. ಕಿತ್ತಳೆ ತಿರುಳಿನದಕ್ಕಿಂತ ಅದರಲ್ಲಿ ಸಾಮಾನ್ಯವಾಗಿ ನೀರು ಕಡಿಮೆ, ಪಿಷ್ಟ ಹೆಚ್ಚು. ಹಸಿ ಗೆಣಸನ್ನು ಫ್ರಿಜ್‌ನಲ್ಲಿ ಇಡಬೇಡಿ. 12 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಹಳ ದಿನ ಇದ್ದ ಗೆಣಸು ಎಷ್ಟು ಬೇಯಿಸಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ. ಕಪ್ಪು ಕೊಳೆ, ಬೂಷ್ಟು ಹಿಡಿದದ್ದನ್ನು ಕೆತ್ತಿ ಬಳಸದೆ ಇಡೀ ಗಡ್ಡೆಯನ್ನೇ ಎಸೆಯಬೇಕು. ಬೂಷ್ಟು ತಗುಲಿದ ಗೆಣಸು ತನ್ನೊಳಗೇ ಕಹಿಯಾದ ವಿಷವಸ್ತುಗಳನ್ನು ಉಂಟುಮಾಡಿಕೊಳ್ಳುತ್ತದೆ, ಬೇಯಿಸಿದರೂ ಅವು ಪೂರ್ತಿ ಹೋಗುವುದಿಲ್ಲ.

ಕೊನೆಯದಾಗಿ ಬಣ್ಣದ ಬಗ್ಗೆ ಸಂಪಾದಕರಲ್ಲಿ ಒಂದು ಕೋರಿಕೆ. ಪಿಷ್ಟದ ಆಹಾರವನ್ನು 120 ಡಿಗ್ರಿ ಮೀರಿದ ಬಿಸಿಯಲ್ಲಿ ಕರಿದಾಗ, ಹುರಿದಾಗ ಅದರಲ್ಲಿರುವ ಸಕ್ಕರೆ ಮತ್ತು ಆಸ್ಪರಾಜಿನ್ ಎಂಬ ಅಮೈನೋ ಆಮ್ಲ ಸೇರಿ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಎಂಬ ರಾಸಾಯನಿಕ ಉಂಟಾಗುತ್ತದೆ. ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಇದನ್ನು ಬೆಳಕಿಗೆ ತಂದ ಮೇಲೆ, ಇಂಥ ತಿಂಡಿಗಳನ್ನು ಕಂದಾಗುವವರೆಗೆ ಬಿಡದೆ ಹೊಂಬಣ್ಣಕ್ಕೇ ತೆಗೆಯಿರಿ ಎಂಬ ಸಲಹೆ ಎಲ್ಲೆಡೆ ಇದೆ. ಏರ್ ಫ್ರೈಯರ್‌ನಲ್ಲಿ ಮಾಡಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಸಕ್ಕರೆ ಹೆಚ್ಚಿರುವ ಗೆಣಸಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆದರೆ ಅಡುಗೆ ಪುಟಗಳ ಚಿತ್ರದಲ್ಲಿ ಕಾಣುವುದು ಗಾಢ ಕಂದು ಬಣ್ಣದ ಹೊಳೆಯುವ ತುಂಡುಗಳೇ. ಓದುಗರು ಆ ಬಣ್ಣ ಬರುವ ತನಕ ಯಂತ್ರ ಆರಿಸುವುದಿಲ್ಲ. ಹೊಂಬಣ್ಣದಲ್ಲಿ ತೆಗೆದ ಫ್ರೈಸ್‌ನ ಚಿತ್ರವನ್ನೇ ಹಾಕಿ. ಅದರ ಕೆಳಗೆ ತುಂಡಿನ ದಪ್ಪವನ್ನು ಮಿಲಿಮೀಟರ್‌ನಲ್ಲಿ, ತೂಕವನ್ನು ಗ್ರಾಂನಲ್ಲಿ, ಬುಟ್ಟಿಯ ಅಳತೆಯನ್ನು ಲೀಟರ್‌ನಲ್ಲಿ ಒಂದು ಸಾಲು ಅಚ್ಚು ಮಾಡಿಸಿ. ಚಿತ್ರ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ.

– ಅಡುಗೆ ಪುಟದ ಓದುಗರೊಬ್ಬರು