ಮೆನುವಿನಲ್ಲಿ ‘ಆಫ್’ ಯಾಕಿಲ್ಲ? ಆಟದ ಮಸುಕು ಚಿತ್ರದ ಬಗ್ಗೆ ಒಂದು ದೂರು

ಇವರಿಂದ,
ಒಬ್ಬ ಗ್ರಾಹಕ,
ಸಾಗರ, ಶಿವಮೊಗ್ಗ ಜಿಲ್ಲೆ

ಇವರಿಗೆ,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ

ವಿಷಯ: ನಿಮ್ಮ ಪಿಸಿ ಆಟದಲ್ಲಿ ಟಿಎಎ (ಚಿತ್ರದ ಅಂಚುಗಳಲ್ಲಿ ಕಾಣುವ ಮೆಟ್ಟಿಲುಗಳನ್ನು ನಯ ಮಾಡುವ ತಂತ್ರ) ಆಫ್ ಮಾಡಲು ದಾರಿ ಇಲ್ಲದಿರುವುದು ಮತ್ತು 1080ಪಿ (1920 x 1080 ಪಿಕ್ಸೆಲ್) ಮಾನಿಟರಿನಲ್ಲಿ ಚಿತ್ರ ಮಸುಕಾಗುವುದು.

ಮಾನ್ಯರೇ,

ನಿಮ್ಮ ಕಾಡಿನ ಆಟವನ್ನು ಡಿಸ್ಕೌಂಟಿಗೆ ಕಾಯದೆ ಪೂರ್ತಿ ದುಡ್ಡು ಕೊಟ್ಟು ಕೊಂಡವನು ನಾನು. ಕಥೆ ಚೆನ್ನಾಗಿದೆ. ಸೌಂಡ್ ಇನ್ನೂ ಚೆನ್ನಾಗಿದೆ. ತಗಡಿನ ಮೇಲೆ ಮಳೆ ಬೀಳುವ ಸದ್ದನ್ನು ಇಷ್ಟು ಸರಿಯಾಗಿ ಹಿಡಿದ ಆಟ ನಾನಂತೂ ಬೇರೆ ಆಡಿಲ್ಲ. ನನ್ನ ದೂರು ಕಣ್ಣಿಗೆ ಕಾಣುವುದರ ಬಗ್ಗೆ. ಮೌಸ್ ಅಲುಗಿಸಿದ ಕೂಡಲೇ ಇಡೀ ಕಾಡು ಕಲಸಿಹೋಗುತ್ತದೆ.

ಇದೇ ವಿಷಯಕ್ಕೆ ಮೊದಲು ಇಮೇಲ್ ಬರೆದಿದ್ದೆ. ಅದು ಆಟದೊಳಗಿನ ಮಂಜಿನ ಎಫೆಕ್ಟ್ ಇರಬಹುದು, ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ ಅಂತ ನಿಮ್ಮವರು ಉತ್ತರ ಕೊಟ್ಟರು. ಡ್ರೈವರ್ ಹೊಸದೇ ಇದೆ. ಇನ್ನು ಮಂಜಿನ ಮಾತು. ನಾವು ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿ ಇಳಿಯುವ ಜನ. ಮಂಜು ದೂರದ್ದನ್ನು ಮುಚ್ಚುತ್ತದೆ, ಹತ್ತಿರದ್ದನ್ನು ಬಿಡುತ್ತದೆ. ನಿಮ್ಮ ಆಟದಲ್ಲಿ ಕಾಲಬುಡದ ಜರೀಗಿಡವೂ ಮಸುಕು. ನಿಂತರೆ ಸರಿಯಾಗುತ್ತದೆ, ನಡೆದರೆ ಹೋಗುತ್ತದೆ. ನಾವು ನಿಂತಿದ್ದೇವೋ ನಡೆಯುತ್ತಿದ್ದೇವೋ ಅಂತ ನೋಡಿಕೊಂಡು ಬರುವ ಮಂಜು ಎಲ್ಲಾದರೂ ಉಂಟಾ?

ಮೋಷನ್ ಬ್ಲರ್, ಡೆಪ್ತ್ ಆಫ್ ಫೀಲ್ಡ್, ಫಿಲ್ಮ್ ಗ್ರೇನ್ ಅನ್ನುವ ಚಿತ್ರದ ಎಫೆಕ್ಟುಗಳನ್ನೆಲ್ಲ ಮೊದಲ ದಿನವೇ ಆಫ್ ಮಾಡಿದ್ದೇನೆ. ದಯವಿಟ್ಟು ಮತ್ತೆ ಅದನ್ನೇ ಹೇಳಬೇಡಿ. ಉಳಿದಿರುವುದು ‘ಆಂಟಿ-ಅಲಿಯಾಸಿಂಗ್’ ಅನ್ನುವ ಸಾಲು. ಅದರಲ್ಲಿ ಲೋ, ಮೀಡಿಯಂ, ಹೈ ಅಂತ ಮೂರು ಆಯ್ಕೆ. ‘ಆಫ್’ ಇಲ್ಲ. ಯಾವುದು ಹಾಕಿದರೂ ಒಳಗೆ ಓಡುವುದು ಟಿಎಎ, ಅಂದರೆ ಟೆಂಪೊರಲ್ ಆಂಟಿ-ಅಲಿಯಾಸಿಂಗ್. ಅದು ಗೊತ್ತಾಗುವುದು ಕಷ್ಟವೇನಲ್ಲ. ಎರಡನೇ ಅಧ್ಯಾಯದಲ್ಲಿ ಹೊಳೆ ದಾಟುವಾಗ ಒಂದು ಮಿಂಚುಳ್ಳಿ ಬೆಳ್ಳಗಿನ ಆಕಾಶಕ್ಕೆ ಅಡ್ಡ ಹಾರುತ್ತದೆ. ಮೂರೂ ಸೆಟ್ಟಿಂಗಿನಲ್ಲಿ ಆ ಹಕ್ಕಿಯ ಹಿಂದೆ ಕಪ್ಪು ಬಾಲ ಎಳೆಯುತ್ತದೆ, ಆಮೇಲೆ ನಿಧಾನಕ್ಕೆ ಕರಗುತ್ತದೆ. ಅದೇ ಹೊಳೆಯ ದಂಡೆಯಲ್ಲಿ ಒಂದು ಬೋರ್ಡ್ ಇದೆ. ನಿಂತು ನೋಡಿದರೆ ಅಕ್ಷರ ಓದಬಹುದು. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರೆ ಅಕ್ಷರಗಳು ಒಂದರ ಮೇಲೊಂದು ಒರಗುತ್ತವೆ. ನನ್ನ ಹಿಂದೆ ಕೂತಿದ್ದ ಅಕ್ಕನ ಮಗ, “ಮಾವ, ನಿಮಗೆ ಕನ್ನಡಕ ಬೇಕಾಗಿದೆ” ಅಂದ. ಆಮೇಲೆ ಮೌಸ್ ಅವನ ಕೈಗೆ ಕೊಟ್ಟೆ. ಸುಮ್ಮನಾದ.

ಟಿಎಎ ಹೇಗೆ ಕೆಲಸ ಮಾಡುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಮಂಜು ಅಂತ ಉತ್ತರ ಬರೆದವರಿಗೆ ಹೇಳಲೇಬೇಕು. ಪ್ರತಿ ಫ್ರೇಮಿಗೂ, ಅಂದರೆ ಪರದೆ ಮೇಲೆ ಒಂದರ ಹಿಂದೊಂದು ಬರುವ ಪ್ರತಿ ಚಿತ್ರಕ್ಕೂ, ಕ್ಯಾಮೆರಾವನ್ನು ಒಂದು ಪಿಕ್ಸೆಲ್‌ಗಿಂತ ಕಡಿಮೆ ಅಲುಗಿಸುತ್ತಾರೆ. ಹಾಗೆ ಬಂದ ಹೊಸ ಚಿತ್ರವನ್ನು ಹಳೆ ಫ್ರೇಮುಗಳ ಜೊತೆ ಬೆರೆಸುತ್ತಾರೆ. ಎಲ್ಲ ನಿಂತಿದ್ದರೆ ಅಂಚುಗಳ ಮೆಟ್ಟಿಲು ಮಾಯವಾಗಿ ಚಿತ್ರ ಸೊಗಸಾಗುತ್ತದೆ. ಚಲನೆ ಬಂದಾಗ ಹಳೆ ಚಿತ್ರವನ್ನು ಹೊಸ ಜಾಗಕ್ಕೆ ಸರಿಸಬೇಕು. ಅದು ಪಿಕ್ಸೆಲ್ಲಿಗೆ ಪಿಕ್ಸೆಲ್ ಕೂರುವುದಿಲ್ಲ, ಹಾಗಾಗಿ ಪ್ರತಿ ಸಲ ಸ್ವಲ್ಪ ಹರಡುತ್ತದೆ. ಅಂದಾಜು ತಪ್ಪಿದ ಕಡೆ ಭೂತದ ಬಾಲ. ನಿಮ್ಮ ಆಟ ಓಡುವುದು ಅನ್‌ರಿಯಲ್ ಎಂಜಿನ್ 4 ಅನ್ನುವ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ. ಅದರ ಟಿಎಎಯಲ್ಲಿ ಹೊಸ ಫ್ರೇಮಿನ ಪಾಲು ಡಿಫಾಲ್ಟ್ ಆಗಿ 0.04, ಅಂದರೆ ನೂರಕ್ಕೆ ನಾಲ್ಕು. ಈ ಸಂಖ್ಯೆ ಕಡಿಮೆಯಾದರೆ ಮಸುಕು ಮತ್ತು ಬಾಲ ಬರುತ್ತದೆ ಅಂತ ಎಂಜಿನ್ನಿನ ವಿವರಣೆಯಲ್ಲೇ ಇದೆ. ಇದು ನಾನು ಕಂಡುಹಿಡಿದದ್ದಲ್ಲ.

ಸ್ಕ್ರೀನ್‌ಶಾಟ್ ಕಳಿಸಿ ಅಂದಿರಿ. ನಿಂತು ತೆಗೆದ ಸ್ಕ್ರೀನ್‌ಶಾಟಿನಲ್ಲಿ ಏನು ಕಾಣುತ್ತದೆ ಹೇಳಿ? ಎಲ್ಲವೂ ಚೊಕ್ಕ. ನಿಮ್ಮ ಜಾಹೀರಾತಿನ ಚಿತ್ರಗಳು ಚೆನ್ನಾಗಿರುವುದೂ ಇದೇ ಕಾರಣಕ್ಕೆ ಅಂತ ನನ್ನ ಅನುಮಾನ. ಅದಕ್ಕೇ ಈ ಪತ್ರದ ಜೊತೆ ಎರಡು ಚಿತ್ರ ಇಟ್ಟಿದ್ದೇನೆ. ಒಂದೇ ಜಾಗ, ಒಂದೇ ಮರ. ಮೊದಲನೆಯದು ನಿಂತಾಗ, ಎರಡನೆಯದು ನಡೆಯುವಾಗ. ಎರಡನೆಯದರಲ್ಲಿ ಎಲೆಯ ನರ ಹುಡುಕಿ.

ಎಲೆಗಳ ಬಗ್ಗೆ ಇಷ್ಟು ತಕರಾರು ಯಾಕೆ ಅಂದರೆ, ನಮ್ಮೂರಲ್ಲಿ ಮಳೆ ಬಿಟ್ಟ ಮೇಲೆ ಕಾಡು ಎಂದಿಗಿಂತ ಚೂಪಾಗಿ ಕಾಣುತ್ತದೆ. ಧೂಳು ತೊಳೆದುಹೋಗಿ ಒಂದೊಂದು ಎಲೆಯ ಅಂಚೂ ಬೇರೆ. ನಿಮ್ಮ ಆಟ ಆ ಹೊತ್ತನ್ನೇ ತೋರಿಸಲು ಹೊರಟಿದೆ. ಕಲಾವಿದರು ಕಷ್ಟಪಟ್ಟು ಬಿಡಿಸಿದ್ದನ್ನು ಕೊನೆಯ ಹಂತದಲ್ಲಿ ಒರೆಸಿ ಹಾಕಿದರೆ ಹೇಗೆ?

ನಿಮ್ಮ ಎರಡನೇ ಸಲಹೆ ಶಾರ್ಪ್‌ನೆಸ್ ಜಾಸ್ತಿ ಮಾಡಿ ಅಂತ. ನನ್ನದು ಡಿಟಿಪಿ ಅಂಗಡಿ. ಮಾರಿಕಾಂಬಾ ಜಾತ್ರೆ ಬಂತೆಂದರೆ ವಾಟ್ಸಾಪಿನಲ್ಲಿ ಬಂದ ಮಸುಕು ಫೋಟೋ ಹಿಡಿದುಕೊಂಡು ಫ್ಲೆಕ್ಸ್ ಮಾಡಿಸಲು ಜನ ಬರುತ್ತಾರೆ. “ಸ್ವಲ್ಪ ಶಾರ್ಪ್ ಮಾಡಿ ಕೊಡಿ” ಅನ್ನುತ್ತಾರೆ. ಮಾಡಿಕೊಟ್ಟರೆ ಮೀಸೆಯ ಸುತ್ತ ಬಿಳಿ ಗೆರೆ ಏಳುತ್ತದೆಯೇ ಹೊರತು ಹೋದ ಮೀಸೆಯ ಕೂದಲು ಬರುವುದಿಲ್ಲ. ನಿಮ್ಮ ಸ್ಲೈಡರ್ ಮಾಡುವುದೂ ಅಷ್ಟೇ. ನಡೆಯುವಾಗ ಮಸುಕು ಹಾಗೇ ಇರುತ್ತದೆ, ನಿಂತಾಗ ಮರಗಳಿಗೆ ಬಿಳಿ ಅಂಚು ಬರುತ್ತದೆ.

ಮೂರನೇ ಸಲಹೆ ಅಪ್‌ಸ್ಕೇಲರ್, ಅಂದರೆ ಕಡಿಮೆ ಪಿಕ್ಸೆಲ್ಲಿನಲ್ಲಿ ಬಿಡಿಸಿ ಆಮೇಲೆ ದೊಡ್ಡದು ಮಾಡುವುದು. ನನ್ನ ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾದ ಜಿಟಿಎಕ್ಸ್ 1660 ಸೂಪರ್. ಅದರಲ್ಲಿ ಎನ್‌ವಿಡಿಯಾದ ಅಪ್‌ಸ್ಕೇಲರ್ ಡಿಎಲ್‌ಎಸ್‌ಎಸ್ ಓಡುವುದಿಲ್ಲ, ಅಂಚು ನಯ ಮಾಡುವ ಅದರದೇ ರೂಪ ಡಿಎಲ್‌ಎಎ ಕೂಡ ಇಲ್ಲ. ಎಎಂಡಿಯವರ ಅಪ್‌ಸ್ಕೇಲರ್ ಎಫ್‌ಎಸ್‌ಆರ್ 2 ಓಡುತ್ತದೆ. ಆದರೆ 1080ಪಿಯಲ್ಲಿ ಅದರ ಕ್ವಾಲಿಟಿ ಮೋಡ್ ಹಾಕಿದರೆ ಆಟ ನಿಜವಾಗಿ ಬಿಡಿಸುವುದು 1280 x 720ರಲ್ಲಿ. ಇಪ್ಪತ್ತು ಲಕ್ಷ ಚಿಲ್ಲರೆ ಪಿಕ್ಸೆಲ್ ಬೇಕಾದ ಕಡೆ ಒಂಬತ್ತು ಲಕ್ಷ ಚಿಲ್ಲರೆ. ಅದೂ ಹಳೆ ಫ್ರೇಮುಗಳನ್ನು ಬೆರೆಸಿಯೇ ಚಿತ್ರ ಕಟ್ಟುವುದು. ಮಸುಕು ಅಂತ ದೂರು ಕೊಟ್ಟವನಿಗೆ ಇನ್ನೂ ಕಡಿಮೆ ಪಿಕ್ಸೆಲ್ ಕೊಡುವುದು ಯಾವ ನ್ಯಾಯ?

4ಕೆ ಮಾನಿಟರಿನಲ್ಲಿ ಈ ತೊಂದರೆ ಅಷ್ಟು ಕಾಣದಿರಬಹುದು, ಅಲ್ಲಿ ಪಿಕ್ಸೆಲ್ ನಾಲ್ಕು ಪಟ್ಟು. ನಿಮ್ಮ ಆಫೀಸಿನಲ್ಲಿ ಅಂಥವೇ ಇರಬಹುದು. ಆದರೆ ಸ್ಟೀಮ್ ಅನ್ನುವ ಆಟಗಳ ಆನ್‌ಲೈನ್ ಅಂಗಡಿಯ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ಹಲವು ವರ್ಷಗಳಿಂದ ಮೊದಲ ಸ್ಥಾನದಲ್ಲಿರುವುದು 1080ಪಿ. ನೀವು ಆಟ ಮಾರುವುದು ನಮ್ಮಂಥವರಿಗೇ.

ಕೊನೆಗೆ ಬೇಸತ್ತು ಆಟದ ಕಾನ್ಫಿಗ್ ಫೈಲು ತೆರೆದು ಒಂದು ಸಾಲು ಸೇರಿಸಿ ಟಿಎಎ ಆಫ್ ಮಾಡಿದೆ. ಕಾಡು ಒಮ್ಮೆಲೇ ಚೂಪಾಯಿತು. ಬೋರ್ಡಿನ ಅಕ್ಷರ ಓಡುತ್ತಾ ಓದಬಹುದು. ಆದರೆ ನಾಯಕಿಯ ಕೂದಲು ಚುಕ್ಕಿ ಚುಕ್ಕಿಯಾಯಿತು, ನೆರಳುಗಳ ಅಂಚಿನಲ್ಲಿ ಮರಳು ಚೆಲ್ಲಿತು. ಅದು ಯಾಕೆ ಅಂತಲೂ ಗೊತ್ತು. ಕೂದಲನ್ನು ಪೂರ್ತಿ ಬಿಡಿಸದೆ ಪಿಕ್ಸೆಲ್ ಬಿಟ್ಟು ಪಿಕ್ಸೆಲ್ ಬಿಡಿಸಿ, ಮಿಕ್ಕಿದ್ದನ್ನು ಟಿಎಎ ತುಂಬಿಕೊಳ್ಳಲಿ ಅಂತ ಬಿಟ್ಟಿದ್ದೀರಿ. ಕೆಲಸ ಉಳಿಯುತ್ತದೆ, ಒಪ್ಪುತ್ತೇನೆ. ನನಗೆ ಚುಕ್ಕಿಯ ಕೂದಲು ಪರವಾಗಿಲ್ಲ. ಅದು ನನ್ನ ಕಣ್ಣು, ನನ್ನ ಆಯ್ಕೆ. ಆದರೆ ನಿಮ್ಮ ಮುಂದಿನ ಅಪ್‌ಡೇಟ್ ಬಂದು ಆ ಸಾಲು ಕೆಲಸ ಮಾಡದ ಹಾಗೆ ಮಾಡಿತು. ಇದ್ದ ಕಿಟಕಿಯನ್ನೂ ಹುಡುಕಿ ಮುಚ್ಚಿದಿರಿ. ಈ ಪತ್ರ ಬರೆಯಲು ಕೂರಿಸಿದ್ದು ಮಸುಕಿಗಿಂತ ಜಾಸ್ತಿ ಇದು.

ಹಳೆ ಆಟಗಳ ಹಾಗೆ 4ಎಕ್ಸ್, 8ಎಕ್ಸ್ ಎಂಎಸ್‌ಎಎ (ಅಂಚಿನ ಪಿಕ್ಸೆಲ್ಲಿನೊಳಗೆ ಹಲವು ಕಡೆ ಅಳೆದು ನಯ ಮಾಡುವ ಹಳೆ ತಂತ್ರ) ಕೊಡಿ ಅಂತ ಕೇಳುತ್ತಿಲ್ಲ. ಈಗಿನ ಡಿಫರ್ಡ್ ರೆಂಡರಿಂಗಿನಲ್ಲಿ (ಬೆಳಕಿನ ಲೆಕ್ಕವನ್ನು ಆಮೇಲೆ ಮಾಡುವ ವಿಧಾನ) ಅದಕ್ಕೆ ಮೆಮೊರಿ ಜಾಸ್ತಿ ಬೇಕು. ಒದ್ದೆ ಬಂಡೆಯ ಮಿನುಗಿಗೂ ಅದರಿಂದ ಪ್ರಯೋಜನ ಕಡಿಮೆ. ಆದರೆ ಈಗಿನ ಒಂದೇ ಚಿತ್ರದ ಅಂಚು ನಯ ಮಾಡುವ ಎಫ್‌ಎಕ್ಸ್‌ಎಎ ಎಷ್ಟೋ ವರ್ಷಗಳಿಂದ ಇದೆ. ಅದೇ ಬಗೆಯ ಎಸ್‌ಎಂಎಎ 2012ರಲ್ಲಿ ಪ್ರಕಟವಾಗಿದೆ, ಅದರ ಸಾದಾ ರೂಪಕ್ಕೆ ಹಳೆ ಫ್ರೇಮು ಬೇಕೇ ಇಲ್ಲ. ಎರಡೂ ನನ್ನ ಕಾರ್ಡಿಗೆ ಭಾರವಲ್ಲ. ಇವುಗಳಲ್ಲಿ ಒಂದನ್ನು ಸೇರಿಸಿ. ಅದೂ ಆಗದಿದ್ದರೆ ಬರೀ ‘ಆಫ್’ ಕೊಡಿ, ಪಕ್ಕದಲ್ಲಿ ‘ಕೂದಲು, ನೆರಳು ಸರಿ ಕಾಣದಿರಬಹುದು’ ಅಂತ ಬರೆದುಬಿಡಿ. ಎಷ್ಟು ಪಿಕ್ಸೆಲ್ಲಿನಲ್ಲಿ ಬಿಡಿಸಬೇಕು ಅಂತ ಹೇಳುವ ರೆಸಲ್ಯೂಶನ್ ಸ್ಕೇಲ್ ಈಗ ನೂರಕ್ಕೆ ನಿಲ್ಲುತ್ತದೆ, ಅದನ್ನು ಇನ್ನೂರರ ತನಕ ಬಿಟ್ಟರೆ ದೊಡ್ಡ ಕಾರ್ಡ್ ಇರುವವರಿಗೂ ಅನುಕೂಲ. ಮತ್ತೆ ಆ ಲೋ, ಮೀಡಿಯಂ, ಹೈ ಬದಲು ಒಳಗೆ ಏನು ಓಡುತ್ತದೋ ಅದರ ಹೆಸರನ್ನೇ ಹಾಕಿ.

ಹಣ ವಾಪಸ್ ಕೇಳಬಹುದಿತ್ತಲ್ಲ ಅಂತ ನೀವು ಅನ್ನಬಹುದು. ಕೊಂಡ ಆನ್‌ಲೈನ್ ಅಂಗಡಿಯಲ್ಲಿ ಎರಡು ಗಂಟೆ ಆಡಿದ ಮೇಲೆ ರಿಫಂಡ್ ಇಲ್ಲ. ನಿಮ್ಮ ಆಟದ ಮೊದಲ ಅಧ್ಯಾಯ ಪೂರ್ತಿ ಗುಹೆಯೊಳಗೆ, ಕತ್ತಲಲ್ಲಿ. ನಾನು ಕಾಡಿಗೆ ಬಂದು ತಲುಪುವಷ್ಟರಲ್ಲಿ ಗಡುವು ಮುಗಿದಿತ್ತು. ಟಿಎಎ ಆಫ್ ಮಾಡಲು ಬರುವುದಿಲ್ಲ ಅಂತ ಮಾರಾಟದ ಪುಟದಲ್ಲಿ ಒಂದು ಸಾಲು ಇದ್ದಿದ್ದರೆ ನಾನು ಕೊಳ್ಳುತ್ತಲೇ ಇರಲಿಲ್ಲ.

ಹಾಗಾಗಿ ನನಗೆ ಬೇಕಾದ ಉತ್ತರ ಇಷ್ಟೇ. ಈ ಆಯ್ಕೆ ಕೊಡುತ್ತೀರಾ, ಇಲ್ಲವಾ? ಕೊಡುವುದಾದರೆ ಯಾವ ಅಪ್‌ಡೇಟಿನಲ್ಲಿ ಅಂತ ತಿಳಿಸಿ, ಕಾಯುತ್ತೇನೆ. ಇಲ್ಲವಾದರೆ ಹಣ ವಾಪಸ್ ಮಾಡಿ. ಒಂದು ತಿಂಗಳೊಳಗೆ ಎರಡೂ ಆಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇನೆ. ಉತ್ತರವನ್ನು ಆಟ ಗೊತ್ತಿರುವ ಯಾರಾದರೂ ಬರೆಯಲಿ, ಮಂಜಿನ ಮಾತು ಮತ್ತೆ ಬೇಡ.

ಇಂತಿ ನಿಮ್ಮ ಗ್ರಾಹಕ

ಜೊತೆಗಿಟ್ಟಿರುವುದು: ಖರೀದಿ ರಸೀದಿ, ಎರಡು ಚಿತ್ರ, ಮಿಂಚುಳ್ಳಿ ಹಾರುವ ಚಿಕ್ಕ ವಿಡಿಯೋ, ನಿಮ್ಮ ಹಿಂದಿನ ಇಮೇಲ್‌ಗಳ ಪ್ರತಿ.