ಸಣ್ಣ ಅಕ್ಷರದ ಷರತ್ತು ಯಾರಿಗಾಗಿ?

ಮಾನ್ಯರೇ,

ಸಣ್ಣ ಅಕ್ಷರದ ಷರತ್ತುಗಳಿಗೆ ಸಹಿ ಹಾಕಿ ಗ್ರಾಹಕರು ಪೇಚಿಗೆ ಸಿಲುಕುತ್ತಿರುವ ವರದಿ ಓದಿದೆ. ‘ಸಹಿ ಹಾಕಿದ್ದೀರಲ್ಲ, ಇನ್ನೇನು?’ ಎಂಬ ಉತ್ತರ ಕಾನೂನಿನಲ್ಲಿ ಸರಿ ಇರಬಹುದು, ನೀತಿಯಲ್ಲಿ ಅಲ್ಲ.

1934ರಲ್ಲಿ ಬ್ರಿಟನ್ನಿನಲ್ಲಿ ಇಂಥದ್ದೇ ಪ್ರಕರಣ ನಡೆದಿತ್ತು. ಕೆಫೆ ನಡೆಸುತ್ತಿದ್ದ ಮಹಿಳೆಯೊಬ್ಬರು ಸಿಗರೇಟ್ ಮಾರುವ ಯಂತ್ರವನ್ನು ಕಂತಿನ ಮೇಲೆ ಕೊಂಡರು. ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಯಾವ ಖಾತರಿಯೂ ಇಲ್ಲ ಎಂದು ಆರ್ಡರ್ ಫಾರಂನ ಕಂದು ಕಾಗದದ ಮೇಲೆ ಪುಟ್ಟ ಅಕ್ಷರಗಳಲ್ಲಿ ಅಚ್ಚಾಗಿತ್ತು. ಆಕೆ ಓದಿರಲಿಲ್ಲ. ಆದರೂ ಸಹಿ ಹಾಕಿದ ಮೇಲೆ ಮುಗಿಯಿತು ಎಂದು ತೀರ್ಪು ಬಂತು. ಆ ತೀರ್ಪು ಕೊಟ್ಟ ನ್ಯಾಯಮೂರ್ತಿಗಳಲ್ಲೇ ಒಬ್ಬರು ಅದಕ್ಕಾಗಿ ವಿಷಾದಿಸಿದರು! ಇಂಥ ಷರತ್ತುಗಳಿಗೆ ವ್ಯಾಪಕ ಕಡಿವಾಣ ಹಾಕುವ ಕಾಯ್ದೆ ಅಲ್ಲಿ ಬಂದದ್ದು 1977ರಲ್ಲಿ.

ಈಗ ಕಾಗದದ ಬದಲು ಮೊಬೈಲ್ ಪರದೆ, ಅಷ್ಟೇ. ಉದ್ದದ ಷರತ್ತುಗಳನ್ನು ಸುಮ್ನೆ ಮೇಲಕ್ಕೆ ಜಾರಿಸಿ ‘ಒಪ್ಪಿದ್ದೇನೆ’ ಒತ್ತುವುದನ್ನು ಮನಸಾರೆ ಕೊಟ್ಟ ಒಪ್ಪಿಗೆ ಅನ್ನಲಾದೀತೇ? ಯಾರೂ ಓದುವುದಿಲ್ಲ ಎಂದು ಬರೆದವರಿಗೂ ಗೊತ್ತು, ಅಲ್ವಾ?

ಗ್ರಾಹಕರ ಹಕ್ಕು ಕಡಿಮೆ ಮಾಡುವ ಷರತ್ತುಗಳನ್ನಾದರೂ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಕೊಡಬೇಕು. ಒಂದೊಂದಕ್ಕೂ ಬೇರೆ ಬೇರೆ ಒಪ್ಪಿಗೆ ಪಡೆಯುವುದನ್ನು ಸರ್ಕಾರಗಳು ಕಡ್ಡಾಯ ಮಾಡಲಿ.

– ಒಬ್ಬ ಓದುಗ