ಸುಮಾಳ ಮದುವೆ ಮಾತಿಗೆ ಅವಸರ ಬೇಡ ಅಮ್ಮಾ

ಹಾಂಗ್‌ಕಾಂಗ್, ಶನಿವಾರ

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರ ಗುರುವಾರ ಬಂತು. ಊಟದ ಚಿಂತೆ ಬಿಡು. ಇಲ್ಲಿ ಬೌದ್ಧರ ಹೋಟೆಲುಗಳಿವೆ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಅಜ್ಜಿ ಬಂದರೂ ಕೂತು ಉಣ್ಣಬಹುದು. ಟೀ ಬಗ್ಗಿಸಿದವರಿಗೆ ಥ್ಯಾಂಕ್ಸ್ ಅನ್ನಲು ಇವರು ಎರಡು ಬೆರಳಲ್ಲಿ ಮೇಜು ತಟ್ಟುತ್ತಾರೆ. ನನಗೂ ಅದೇ ಅಭ್ಯಾಸವಾಗಿದೆ.

ಸುಮಾಳ ಸಂಬಂಧದ ವಿಷಯ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಹುಡುಗನ ಅಪ್ಪ ತುಂಬಾ ಮರ್ಯಾದಸ್ಥರು, ಊರೇ ಕೈಮುಗಿಯುತ್ತದೆ ಅಂತ ಬರೆದಿದ್ದೀಯ. ಅದರ ಕೆಳಗೇ, ನಮ್ಮ ಅಪ್ಪ ಸುಮಾಳ ಹೆಸರಿಗೆ ಮಾಡಿಟ್ಟ ಸೈಟಿನ ಬಗ್ಗೆ ಅವರು ಎರಡು ಸಲ ಕೇಳಿದರು ಅಂತಲೂ ಇದೆ. ಆ ಸಾಲು ನನ್ನ ತಲೆಯಿಂದ ಹೋಗುತ್ತಿಲ್ಲ.

ಇಲ್ಲಿ ಜಿನ್ ಯೋಂಗ್ ಅಂತ ಒಬ್ಬ ಕಾದಂಬರಿಕಾರರಿದ್ದರು. 2018ರಲ್ಲಿ ತೀರಿಕೊಂಡರು. ಕತ್ತಿವರಸೆ ವೀರರ ಕಥೆ ಬರೆದವರು. ನೀನು ತರಂಗದ ಧಾರಾವಾಹಿ ಕತ್ತರಿಸಿ ದಬ್ಬಣದಲ್ಲಿ ಹೊಲಿದಿಡುತ್ತಿದ್ದೆಯಲ್ಲ, ಹಾಗೇ ಇಲ್ಲಿಯವರು ಅವರ ಕಥೆಗೆ ದಿನಾ ಪೇಪರಿಗಾಗಿ ಕಾಯುತ್ತಿದ್ದರಂತೆ. 1967ರಿಂದ 1969ರವರೆಗೆ ಅವರದೇ ಪತ್ರಿಕೆ ಮಿಂಗ್ ಪಾವ್‌ನಲ್ಲಿ ಬಂದ ಒಂದು ಕಥೆಯನ್ನು ಆಫೀಸಿನ ಗೆಳತಿ ವಾರವಿಡೀ ಊಟದ ಹೊತ್ತಲ್ಲಿ ಹೇಳಿದಳು.

ಅದರಲ್ಲಿ ಯುವೆ ಬುಚುನ್ ಅಂತ ಒಬ್ಬ ಗುರು. ಹ್ವಾಶಾನ್ ಬೆಟ್ಟದ ಗರಡಿಗೆ ಯಜಮಾನ. 'ಸಜ್ಜನ ಖಡ್ಗ' ಅಂತಲೇ ಬಿರುದು. ಮೆಲುಮಾತು, ಯಾವಾಗಲೂ ಧರ್ಮದ ಮಾತೇ. ಆದರೆ ಕಣ್ಣೆಲ್ಲ ಇನ್ನೊಂದು ಮನೆತನದ ಕತ್ತಿವಿದ್ಯೆಯ ಗ್ರಂಥದ ಮೇಲೆ. ಅದಕ್ಕಾಗಿ ಸ್ವಂತ ಮಗಳು ಲಿಂಗ್‌ಶಾನ್‌ಳನ್ನೇ ವೇಷ ಮರೆಸಿ ಆ ಊರಿನ ಹೆಂಡದಂಗಡಿಗೆ ಕಳಿಸುತ್ತಾನೆ. ಆಮೇಲೆ ಆ ಮನೆಯ ತಬ್ಬಲಿ ಹುಡುಗನನ್ನು ಶಿಷ್ಯನಾಗಿ ತಂದಿಟ್ಟುಕೊಂಡು ಅವನಿಗೇ ಮಗಳನ್ನು ಕೊಡುತ್ತಾನೆ. ಗ್ರಂಥ ಹೊಡೆದುಕೊಂಡವನು ತಾನು. ಕಳ್ಳ ಅನ್ನಿಸಿಕೊಂಡವನು ಅವನೇ ಸಾಕಿ ಬೆಳೆಸಿದ ಹಿರಿಯ ಶಿಷ್ಯ ಲಿಂಗ್‌ಹು ಚೋಂಗ್. ಆ ಶಿಷ್ಯನಿಗೆ ಲಿಂಗ್‌ಶಾನ್ ಅಂದ್ರೆ ಪ್ರಾಣ.

ಕೊನೆಗೆ ಕಟ್ಟಿಕೊಂಡ ಗಂಡನೇ ಅವಳಿಗೆ ಕತ್ತಿ ಹಾಕುತ್ತಾನೆ. ಸಾಯುವಾಗ ಅವಳು ಚೋಂಗ್‌ನನ್ನು ಬೇಡಿಕೊಳ್ಳುವುದು ಏನು ಗೊತ್ತಾ? ಆ ಗಂಡನನ್ನೇ ಕಾಪಾಡು ಅಂತ. ಅಷ್ಟು ಹೇಳಿ ಗೆಳತಿ ಚಮಚ ಕೆಳಗಿಟ್ಟಳು. ನನಗೂ ಅನ್ನ ಸೇರಲಿಲ್ಲ. ನಮ್ಮ ಸುಮಾನೂ ಹಾಗೇ ಅಲ್ವಾ ಅಮ್ಮಾ? ಒಮ್ಮೆ ನಂಬಿದರೆ ಮುಗೀತು.

ಹುಡುಗನ ಅಪ್ಪ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಸೈಟು ಸುಮಾಳ ಹೆಸರಲ್ಲೇ ಇರುತ್ತದೆ ಅಂತ ಚಿಕ್ಕಪ್ಪನ ಬಾಯಲ್ಲಿ ಹೇಳಿಸು. ಹೇಳುವಾಗ ಅವರ ಮುಖ ನೋಡು. ಕಾಗದಪತ್ರ ಬೀರುವಿನಿಂದ ಆಚೆ ಬರಬಾರದು, ಜೆರಾಕ್ಸ್ ಕೂಡ ಬೇಡ. ಹುಡುಗನ ಹತ್ತಿರ ಸುಮಾ ಒಬ್ಬಳೇ ಕೂತು ಮಾತಾಡಲಿ, ನೀವು ಯಾರೂ ಪಕ್ಕದಲ್ಲಿ ಇರಬೇಡಿ.

ನೀನು ಸುಮ್ನೆ ಬಿಪಿ ಜಾಸ್ತಿ ಮಾಡಿಕೊಳ್ಳಬೇಡ. ನಾನು ನಿಜವಾಗ್ಲೂ ಚೆನ್ನಾಗಿದ್ದೇನೆ, ಕೆಮ್ಮು ಪೂರ್ತಿ ಹೋಗಿದೆ, ತೂಕವೂ ಇಳಿದಿಲ್ಲ. ದುಡ್ಡು ಒಂದನೇ ತಾರೀಕಿಗೆ ಕಳಿಸುತ್ತೇನೆ. ಪೋಸ್ಟ್ ಆಫೀಸು ಮುಚ್ಚುವ ಹೊತ್ತಾಯಿತು, ಉಳಿದದ್ದು ಫೋನಿನಲ್ಲಿ.

ನಿನ್ನ ರವಿ